ಪರೀಕ್ಷೆ ಕಠಿಣವಾಗಿರಲಿ, ಬಾಗಿಲಲ್ಲಿ ಸುಂಕ ಬೇಡ

ಅಮೆರಿಕದ ಬಂದೂಕಿನ ವಿಷಯ ಬರೆದರೆ ಎರಡೂ ಕಡೆಯವರಿಂದ ಬೈಗುಳ ತಪ್ಪಿದ್ದಲ್ಲ. ಇರಲಿ. ಷಿಕಾಗೋ ಪಕ್ಕದ ಊರಿನಲ್ಲಿ ಮಕ್ಕಳನ್ನು ಬೆಳೆಸಿದವಳು ನಾನು. ನಮ್ಮ ಮನೆಯಲ್ಲಿ ಬಂದೂಕಿಲ್ಲ, ತರುವ ಆಲೋಚನೆಯೂ ಇಲ್ಲ. ಹಾಗಿದ್ದೂ, ಇಲ್ಲಿ ಪಿಸ್ತೂಲನ್ನು ಹೊರಗೆ ಕಾಣದಂತೆ ಇಟ್ಟುಕೊಂಡು ಓಡಾಡಲು ಬೇಕಾದ ಪರವಾನಗಿಗೆ ಆಗುವ ಖರ್ಚನ್ನು ಕಂಡಾಗಲೆಲ್ಲ ಸಿಟ್ಟು ಬರುತ್ತದೆ. ಇದು ಹಕ್ಕು ಎಂದು ದೇಶದ ಅತ್ಯುನ್ನತ ನ್ಯಾಯಾಲಯವೇ ಹೇಳಿದ ಮೇಲೆ, ಬಡವರು ಅದರ ಹತ್ತಿರ ಸುಳಿಯದಂತೆ ಬೆಲೆ ಕಟ್ಟುವುದು ಅನ್ಯಾಯ.

ನಮ್ಮ ಇಲಿನಾಯ್ ರಾಜ್ಯದ ಲೆಕ್ಕ ನೋಡಿ. ಮೊದಲು 10 ಡಾಲರ್ ಕೊಟ್ಟು ಫಾಯ್ಡ್ ಕಾರ್ಡ್ ಮಾಡಿಸಬೇಕು. ಅದಿಲ್ಲದೆ ನಿವಾಸಿಗಳು ಇಲ್ಲಿ ಬಂದೂಕು ಕೊಳ್ಳುವಂತಿಲ್ಲ, ಇಟ್ಟುಕೊಳ್ಳುವಂತೆಯೂ ಇಲ್ಲ. ಆಮೇಲೆ 16 ಗಂಟೆಗಳ ತರಬೇತಿ. ಅದರ ಕೊನೆಗೆ ಐದು, ಏಳು, ಹತ್ತು ಗಜ ದೂರದಿಂದ ತಲಾ ಹತ್ತು ಗುಂಡು ಹಾರಿಸಿ, ಒಟ್ಟು ಮೂವತ್ತರಲ್ಲಿ ಶೇಕಡಾ 70ರಷ್ಟನ್ನು ಗುರಿಗೆ ತಾಗಿಸಬೇಕು. ತರಬೇತಿ ಶಾಲೆಯ ಶುಲ್ಕ, ಪಿಸ್ತೂಲು, ಗುಂಡು ಎಲ್ಲದರ ಖರ್ಚೂ ಅರ್ಜಿದಾರರದೇ. ಆನಂತರ ಐದು ವರ್ಷದ ಪರವಾನಗಿಗೆ 150 ಡಾಲರ್. ಬೆರಳಚ್ಚು ಕಡ್ಡಾಯವಲ್ಲ. ಆದರೆ ಕೈಯಿಂದ ಹಣ ಹಾಕಿ ಬೆರಳಚ್ಚು ಕೊಟ್ಟವರ ಅರ್ಜಿಗೆ 90 ದಿನಗಳ ಗಡುವು, ಕೊಡದವರ ಅರ್ಜಿಗೆ 120 ದಿನ. ದುಡ್ಡಿದ್ದವರಿಗೆ ಕಾಯುವ ಕಾಲವೂ ಕಡಿಮೆ!

ಇಲ್ಲಿನ ಕನಿಷ್ಠ ಕೂಲಿ ಗಂಟೆಗೆ 15 ಡಾಲರ್. ಅಂದರೆ ಪರವಾನಗಿಯೊಂದಕ್ಕೇ ಹತ್ತು ಗಂಟೆಯ ದುಡಿಮೆ, ಅದೂ ತೆರಿಗೆ ಕಳೆಯುವ ಮೊದಲು. ತರಬೇತಿಗೆಂದು ಎರಡು ದಿನ ರಜೆ ಹಾಕಿದರೆ ಇನ್ನೂ 240 ಡಾಲರ್ ಖೋತಾ. ಐಟಿ ಕಂಪನಿಯಲ್ಲಿರುವ ನಮ್ಮ ನಿಮ್ಮಂಥವರು ಈ ಮೊತ್ತವನ್ನು ವಾರಾಂತ್ಯದ ಒಂದು ಊಟ, ಒಂದು ಸಿನಿಮಾದಲ್ಲಿ ಕಳೆಯುತ್ತೇವೆ. ಷಿಕಾಗೋದ ದಕ್ಷಿಣ ಭಾಗದಲ್ಲಿ ರಾತ್ರಿ ಪಾಳಿ ಮುಗಿಸಿ ಒಬ್ಬಳೇ ಮನೆಗೆ ಹೋಗುವ ಮಹಿಳೆಗೆ ಇದು ತಿಂಗಳ ಬಾಡಿಗೆಯ ದೊಡ್ಡ ಪಾಲು. ನಿಜವಾಗಿ ಹೆದರಿಕೆ ಇರುವುದು ಅವಳಿಗೆ, ನಮಗಲ್ಲ.

ಅವಳು ಹೇಗೋ ಹಣ ಹೊಂದಿಸಿದಳು ಎಂದೇ ಇಟ್ಟುಕೊಳ್ಳಿ. ಪರವಾನಗಿ ಇದ್ದರೂ ಗುಂಡು ತುಂಬಿದ ಪಿಸ್ತೂಲನ್ನು ಸಾರ್ವಜನಿಕ ಬಸ್ಸು, ರೈಲಿನಲ್ಲಿ ಒಯ್ಯಲು ಕಾನೂನು ಬಿಡುವುದಿಲ್ಲ. ಕಾರು ಇದ್ದವರಿಗೆ ಆ ತೊಡಕಿಲ್ಲ. ಬಸ್ಸಿನಲ್ಲಿ ಬಂದೂಕು ಬೇಡ ಎಂಬುದಕ್ಕೆ ನನ್ನ ವಿರೋಧವಿಲ್ಲ. ಆದರೆ ಈ ಎರಡು ನಿಯಮಗಳನ್ನು ಒಟ್ಟಿಗೆ ಓದಿದರೆ ಯಾರು ಒಳಗೆ ಉಳಿದರು, ಯಾರು ಹೊರಗೆ ಬಿದ್ದರು ಎಂಬುದು ಸ್ಪಷ್ಟ.

ಆ 150 ಡಾಲರ್ ಎಲ್ಲಿ ಹೋಗುತ್ತದೆ ಎಂಬುದನ್ನೂ ಹೇಳಬೇಕು. 120 ಡಾಲರ್ ರಾಜ್ಯ ಪೊಲೀಸರ ಬಂದೂಕು ಸೇವಾ ನಿಧಿಗೆ, 20 ಮಾನಸಿಕ ಆರೋಗ್ಯ ವರದಿಯ ನಿಧಿಗೆ, ಉಳಿದ 10 ರಾಜ್ಯದ ಅಪರಾಧ ಪ್ರಯೋಗಾಲಯದ ನಿಧಿಗೆ. ಅರ್ಜಿ ಪರಿಶೀಲನೆಯ ಖರ್ಚನ್ನು ಅರ್ಜಿದಾರರಿಂದ ಪಡೆಯುವುದಕ್ಕೆ ಒಂದು ನ್ಯಾಯವಿದೆ. ಅಪರಾಧ ಪ್ರಯೋಗಾಲಯ ನಡೆಸುವುದು ಇಡೀ ರಾಜ್ಯದ ಹೊಣೆ. ಅದರ ಖರ್ಚನ್ನು ಕಾನೂನು ಪಾಲಿಸುತ್ತೇನೆಂದು ತಾನಾಗಿ ಬಂದವಳ ತಲೆಗೆ ಏಕೆ ಕಟ್ಟಬೇಕು?

ಈ ಪ್ರಶ್ನೆ ಇಲ್ಲಿ ಹೊಸದಲ್ಲ. ಪೆನ್ಸಿಲ್ವೇನಿಯಾದ ಜೀನೆಟ್ ಎಂಬ ಊರಿನಲ್ಲಿ ಮನೆ ಮನೆಗೆ ಹೋಗಿ ಧಾರ್ಮಿಕ ಪುಸ್ತಕ ಹಂಚುತ್ತಿದ್ದ 'ಯೆಹೋವನ ಸಾಕ್ಷಿಗಳು' ಎಂಬ ಕ್ರೈಸ್ತ ಪಂಥದವರಿಂದ ದಿನಕ್ಕೆ ಒಂದೂವರೆ ಡಾಲರ್ ಪರವಾನಗಿ ಶುಲ್ಕ ಕೇಳಿದ್ದರು. ಸಂವಿಧಾನ ಕೊಟ್ಟ ಹಕ್ಕನ್ನು ಅನುಭವಿಸಲು ಸರ್ಕಾರ ಸುಂಕ ಕೇಳಕೂಡದು ಎಂದು 1943ರಲ್ಲಿ ಸುಪ್ರೀಂ ಕೋರ್ಟ್ ಹೇಳಿತು. ವರ್ಜೀನಿಯಾದಲ್ಲಿ ಮತ ಹಾಕಲು ವರ್ಷಕ್ಕೆ ಒಂದೂವರೆ ಡಾಲರ್ ತಲೆಗಂದಾಯ ಕಟ್ಟಬೇಕಿತ್ತು. 1966ರಲ್ಲಿ ಅದನ್ನೂ ಕೋರ್ಟ್ ತಳ್ಳಿಹಾಕಿತು. ಎರಡೂ ತೀರ್ಪುಗಳನ್ನು ಬರೆದವರು ನ್ಯಾಯಮೂರ್ತಿ ವಿಲಿಯಂ ಡಗ್ಲಸ್. ಒಂದೂವರೆ ಡಾಲರ್ ಯಾವ ಲೆಕ್ಕ ಎಂದು ಆ ನ್ಯಾಯಪೀಠ ಕೇಳಲಿಲ್ಲ.

ಬಂದೂಕಿನ ವಿಷಯಕ್ಕೆ ಬಂದಾಗ ಮಾತ್ರ ಅದೇ ಅಳತೆಗೋಲು ಮಂಕಾಗುತ್ತದೆ. ನ್ಯೂಯಾರ್ಕ್ ನಗರದ 340 ಡಾಲರ್ ಶುಲ್ಕವನ್ನು ಮೇಲ್ಮನವಿ ನ್ಯಾಯಾಲಯ 2013ರಲ್ಲಿ ಎತ್ತಿಹಿಡಿಯಿತು. 2022ರ ಜೂನ್‌ನಲ್ಲಿ ಬಂದ ಸುಪ್ರೀಂ ಕೋರ್ಟಿನ ಬ್ರೂಯೆನ್ ತೀರ್ಪು, ಮನೆಯಾಚೆಗೂ ಆತ್ಮರಕ್ಷಣೆಗೆ ಪಿಸ್ತೂಲು ಒಯ್ಯುವುದು ಹಕ್ಕು ಎಂದಿತು. ಅದರ ಒಂಬತ್ತನೇ ಅಡಿಟಿಪ್ಪಣಿಯಲ್ಲಿ, ಅತಿಯಾದ ಶುಲ್ಕವೋ ವಿಪರೀತ ವಿಳಂಬವೋ ಸಾಮಾನ್ಯರ ಹಕ್ಕನ್ನು ಕಸಿದರೆ ಪ್ರಶ್ನಿಸಬಹುದು ಎಂಬ ಮಾತಿದೆ. ಅತಿ ಎಂದರೆ ಎಷ್ಟು ಎಂದು ಅಲ್ಲಿ ಹೇಳಿಲ್ಲ.

ಬೆಲೆಯ ಮೂಲಕ ಜನರನ್ನು ಸೋಸುವುದಕ್ಕೆ ಈ ದೇಶದಲ್ಲಿ ಕೆಟ್ಟ ಚರಿತ್ರೆಯೂ ಇದೆ. ಟೆನೆಸ್ಸೀ ರಾಜ್ಯ 1879ರಲ್ಲಿ ಸೈನ್ಯದಲ್ಲಿ ಬಳಸುವ ಮಾದರಿಯ ದುಬಾರಿ ಪಿಸ್ತೂಲುಗಳನ್ನು ಬಿಟ್ಟು ಉಳಿದವುಗಳ ಮಾರಾಟ ನಿಷೇಧಿಸಿತು. ಮಾಜಿ ಸೈನಿಕರಾದ ಬಿಳಿಯರ ಬಳಿ ಅಂಥವು ಆಗಲೇ ಇದ್ದವು. ಆಗಷ್ಟೇ ಗುಲಾಮಗಿರಿಯಿಂದ ಹೊರಬಂದ ಕಪ್ಪು ಜನರ ಕೈಗೆ ಎಟುಕುತ್ತಿದ್ದುದು ಅಗ್ಗದವು. ಕಾನೂನಿನಲ್ಲಿ ಬಣ್ಣದ ಮಾತೇ ಇರಲಿಲ್ಲ. ಷಿಕಾಗೋದ ಪಿಸ್ತೂಲು ನಿಷೇಧವನ್ನು ಪ್ರಶ್ನಿಸಿ 2010ರಲ್ಲಿ ಗೆದ್ದ ಓಟಿಸ್ ಮೆಕ್‌ಡೊನಾಲ್ಡ್ ಕೂಡ ನಿವೃತ್ತ ಕಪ್ಪು ಕಾರ್ಮಿಕರು. ಅವರ ಮನೆಗೆ ಹಲವು ಬಾರಿ ಕಳ್ಳರು ನುಗ್ಗಿದ್ದರು. ಅಂಥವರ ಹೆಸರಿನಲ್ಲಿ ಗೆದ್ದ ಹಕ್ಕು ಅಂಥವರಿಗೇ ದುಬಾರಿಯಾಗಿದೆ.

"ಮತಕ್ಕೂ ಬಂದೂಕಿಗೂ ಹೋಲಿಕೆಯೇ? ಮತ ಯಾರನ್ನೂ ಕೊಲ್ಲುವುದಿಲ್ಲ" ಎಂದು ನನ್ನ ತಂಗಿಯೇ ವಾದಿಸುತ್ತಾಳೆ. ಅವಳ ಮಾತು ಸರಿ. ಹೈಲ್ಯಾಂಡ್ ಪಾರ್ಕ್ ನಮಗೆ ದೂರದ ಊರಲ್ಲ. 2022ರ ಜುಲೈ 4ರ ಮೆರವಣಿಗೆಯಲ್ಲಿ ಅಲ್ಲಿ ಏಳು ಜನರ ಹತ್ಯೆಯಾದ ದಿನ ನಮ್ಮ ಮನೆಯಲ್ಲಿ ಯಾರೂ ಸರಿಯಾಗಿ ಊಟ ಮಾಡಲಿಲ್ಲ. ಆದರೆ ಗುಂಡು ಹಾರಿಸಿದ ಹುಡುಗನ ಬಳಿ ಫಾಯ್ಡ್ ಕಾರ್ಡ್ ಇತ್ತು! ಅವನಿಂದ ಅಪಾಯವಿದೆ ಎಂಬ ವರದಿ 2019ರಲ್ಲೇ ರಾಜ್ಯ ಪೊಲೀಸರಿಗೆ ತಲುಪಿತ್ತು. ಅಪ್ಪ ಸಹಿ ಹಾಕಿದರು, ಕಾರ್ಡ್ ಬಂತು. ಅಲ್ಲಿ ಸೋತದ್ದು ಪರಿಶೀಲನೆ. ಶುಲ್ಕ ಹತ್ತು ಡಾಲರ್ ಆಗಿದ್ದರೂ ಸಾವಿರ ಆಗಿದ್ದರೂ ಆ ಏಳು ಜನ ಉಳಿಯುತ್ತಿರಲಿಲ್ಲ. ಅಪಾಯಕಾರಿ ಮನುಷ್ಯನನ್ನು ತಡೆಯಬೇಕಾದದ್ದು ವರದಿ ಓದುವ ಅಧಿಕಾರಿಯ ಕಣ್ಣು, ಅರ್ಜಿದಾರನ ಜೇಬಲ್ಲ. ತರಬೇತಿ 16 ಗಂಟೆ ಸಾಲದೆ? 24 ಮಾಡಲಿ, ನಾನೇ ಬೆಂಬಲಿಸುತ್ತೇನೆ.

ನೆರೆಯ ಇಂಡಿಯಾನಾ ಇನ್ನೊಂದು ತುದಿಗೆ ಹೋಗಿದೆ. ಅಲ್ಲಿ 2021ರಲ್ಲಿ ಪರವಾನಗಿ ಶುಲ್ಕ ಹೋಯಿತು, 2022ರ ಜುಲೈನಿಂದ ಪರವಾನಗಿಯ ಅಗತ್ಯವೂ ಹೋಯಿತು. ಇದನ್ನು ನಾನು ಒಪ್ಪುವುದಿಲ್ಲ. ನಮ್ಮ ಕ್ಯಾಲುಮೆಟ್ ಸಿಟಿ ಮತ್ತು ಅವರ ಹ್ಯಾಮಂಡ್ ಒಂದಕ್ಕೊಂದು ತಾಗಿಕೊಂಡೇ ಇರುವ ಊರುಗಳು. ಗಡಿಯ ಈಚೆ ಇಷ್ಟೆಲ್ಲ ಖರ್ಚು, ಆಚೆ ಒಂದು ಗಂಟೆಯ ಪಾಠವೂ ಕಡ್ಡಾಯವಲ್ಲ. ದುಬಾರಿ ಪರವಾನಗಿ, ಇಲ್ಲವೇ ಪರವಾನಗಿಯೇ ಇಲ್ಲ ಎನ್ನುವ ಈ ಎರಡೇ ದಾರಿಗಳಲ್ಲಿ ರಾಜ್ಯಗಳು ಸಿಕ್ಕಿಕೊಂಡಿವೆ. ಕಠಿಣವೂ ಉಚಿತವೂ ಆದ ಮೂರನೆಯದನ್ನು ಕೇಳುವವರು ಕಡಿಮೆ.

ನಮ್ಮವರಿಗೆ ಇದು ತಟ್ಟದಿರುವುದಕ್ಕೆ ಕಾರಣವಿದೆ. ಎಚ್-1ಬಿ ವೀಸಾದಲ್ಲಿರುವವರು ಬೇಟೆ ಪರವಾನಗಿಯಂಥ ಕೆಲವು ವಿನಾಯಿತಿ ಬಿಟ್ಟರೆ ಬಂದೂಕು ಇಟ್ಟುಕೊಳ್ಳುವಂತೆಯೇ ಇಲ್ಲ. ಊರಿನಲ್ಲಿಯೂ ಕೊಡವರಿಗೆ, ಜಮ್ಮಾ ಹಿಡುವಳಿದಾರರಿಗೆ ಇರುವ ವಿನಾಯಿತಿಯನ್ನು ಬಿಟ್ಟರೆ, ಬಂದೂಕು ಎಂದರೆ ಸರ್ಕಾರ ಮನಸ್ಸು ಮಾಡಿ ಕೊಡುವ ಪರವಾನಗಿ. ಆದರೆ ಪೌರತ್ವ ಪಡೆದು ಇಲ್ಲಿ ಮತ ಹಾಕುವ ಕನ್ನಡಿಗರು ಈಗ ಸಾಕಷ್ಟಿದ್ದೇವೆ. ರಾಜ್ಯದ ರಾಜಧಾನಿ ಸ್ಪ್ರಿಂಗ್‌ಫೀಲ್ಡ್‌ನಲ್ಲಿರುವ ನನ್ನ ಪ್ರತಿನಿಧಿಗೆ ಪತ್ರ ಬರೆದಿದ್ದೇನೆ. ಆಹಾರ ನೆರವು ಪಡೆಯುವ ಕುಟುಂಬಗಳಿಗೆ ಶುಲ್ಕ ಪೂರ್ತಿ ಮನ್ನಾ ಆಗಲಿ, ಸಮುದಾಯ ಕಾಲೇಜುಗಳಲ್ಲಿ ಸಂಜೆ ಹೊತ್ತು ಉಚಿತ ತರಬೇತಿ ಸಿಗಲಿ, ಬೆರಳಚ್ಚಿನ ಖರ್ಚನ್ನು ರಾಜ್ಯವೇ ಹೊತ್ತು ಎಲ್ಲರಿಂದಲೂ ಅದನ್ನು ಪಡೆಯಲಿ, ಪ್ರಯೋಗಾಲಯದ ಆ ಹತ್ತು ಡಾಲರ್ ಪರವಾನಗಿಯಿಂದ ಹೊರಹೋಗಲಿ ಎಂದು ಕೇಳಿದ್ದೇನೆ. ಒಪ್ಪುವವರು ನಿಮ್ಮ ಪ್ರತಿನಿಧಿಗೂ ಬರೆಯಿರಿ. ಪತ್ರದ ಪ್ರತಿ ಬೇಕಾದವರಿಗೆ ಕಳುಹಿಸುತ್ತೇನೆ.