ಸ್ಪೈಡರ್‌ಮ್ಯಾನ್ ಮದ್ವೆ ಅಳಿಸಿಹಾಕಿದ ಕಥೆ

ಮೊನ್ನೆ ಅಕ್ಕನ ಮಗ ಸೋಫಾ ಮೇಲೆ ಬಿದ್ಕೊಂಡು ಫೋನಲ್ಲಿ ಕಾಮಿಕ್ಸ್ ಓದ್ತಿದ್ದೋನು ಇದ್ದಕ್ಕಿದ್ದಂಗೆ "ಮಾಮ, ಸ್ಪೈಡರ್‌ಮ್ಯಾನ್‌ಗೆ ಮದ್ವೆ ಆಗಿತ್ತಾ?" ಅಂದ. ಓದ್ತಿದ್ದಿದ್ದು 2024ರಲ್ಲಿ ಶುರುವಾದ ಅಲ್ಟಿಮೇಟ್ ಸ್ಪೈಡರ್‌ಮ್ಯಾನ್, ಜೊನಾಥನ್ ಹಿಕ್‌ಮನ್ ಬರ್ದಿರೋದು, ಅದ್ರಲ್ಲಿ ಪೀಟರ್ (ಸ್ಪೈಡರ್‌ಮ್ಯಾನ್‌ನ ನಿಜವಾದ ಹೆಸ್ರು) ಗಡ್ಡ ಬಿಟ್ಕೊಂಡು ಹೆಂಡ್ತಿ, ಎರಡು ಮಕ್ಕಳ ಜೊತೆ ಸಂಸಾರ ಮಾಡ್ಕೊಂಡಿರ್ತಾನೆ. ಅದು ಬೇರೆ ಲೋಕದ ಪೀಟರ್ ಬಿಡಿ. ಅಸಲಿ ಪೀಟರ್‌ಗೂ 1987ರಲ್ಲೇ ಮೇರಿ ಜೇನ್ ಜೊತೆ ಮದ್ವೆ ಆಗಿತ್ತು ಕಣೋ ಅಂದೆ. "ಮತ್ತೇನಾಯ್ತು, ಡೈವೋರ್ಸಾ?"

ಡೈವೋರ್ಸ್ ಆಗಿದ್ರೆ ಎಷ್ಟೋ ಚೆನ್ನಾಗಿರ್ತಿತ್ತು!

ಗೊತ್ತಿಲ್ದೇ ಇರೋರಿಗೆ ಹೇಳ್ತೀನಿ. 2006ರ ಸಿವಿಲ್ ವಾರ್ ಕಥೆಲಿ ಪೀಟರ್ ಟಿವಿ ಕ್ಯಾಮೆರಾಗಳ ಮುಂದೆ ಮುಖವಾಡ ತೆಗೀತಾನೆ, ಇಡೀ ಜಗತ್ತಿಗೆ ಅವನ್ಯಾರು ಅಂತ ಗೊತ್ತಾಗುತ್ತೆ, ಅದ್ರ ಫಲವಾಗಿ ಅವನಿಗೆ ಹೊಡೆದ ಗುಂಡು ಅವನ್ನ ಸಾಕಿ ಬೆಳೆಸಿದ ಮೇ ಆಂಟಿಗೆ ಬೀಳುತ್ತೆ. ನಮ್ ಲೆಕ್ಕದಲ್ಲಿ ದೊಡ್ಡಮ್ಮ. ಇಲ್ಲಿವರ್ಗೂ ಪಕ್ಕಾ ಸ್ಪೈಡರ್‌ಮ್ಯಾನ್ ಕಥೆ, ತಾನು ಮಾಡಿದ್ದಕ್ಕೆ ಮನೆಯೋರು ಬೆಲೆ ತೆರೋದು. ಆಮೇಲೆ 2007ರಲ್ಲಿ ಬಂತು ನೋಡಿ 'ಒನ್ ಮೋರ್ ಡೇ'. ಮೆಫಿಸ್ಟೋ ಅನ್ನೋ ಸೈತಾನ ಬಂದು ದೊಡ್ಡಮ್ಮನ್ನ ಉಳಿಸ್ತೀನಿ, ಬದ್ಲಿಗೆ ನಿಮ್ ಮದ್ವೆ ಕೊಡಿ ಅಂತಾನೆ. ಇವ್ರು ಕೊಟ್ಬಿಡ್ತಾರೆ! ಬೆಳಗಾಗೋದ್ರಲ್ಲಿ ಇಪ್ಪತ್ತು ವರ್ಷದ ಸಂಸಾರ ನಡೆದೇ ಇಲ್ಲ, ಮುಖವಾಡದ ಗುಟ್ಟೂ ಜನಕ್ಕೆ ಮರ್ತೋಗಿದೆ. ಸಂಪಾದಕ ಜೋ ಕೆಸಾಡಾ (ಚಿತ್ರ ಬರ್ದಿದ್ದೂ ಅವ್ರೇ) ವಾದ ಏನಂದ್ರೆ ಮದ್ವೆ ಆದ ಪೀಟರ್ ವಯಸ್ಸಾದವನ ಥರ ಕಾಣ್ತಾನೆ, ಡೈವೋರ್ಸ್ ಕೊಡಿಸಿದ್ರೆ ಇನ್ನೂ ವಯಸ್ಸಾದಂಗಾಗುತ್ತೆ ಅಂತ. ಅಂದ್ರೆ ಕೋರ್ಟ್ ಮೆಟ್ಲು ಹತ್ತೋದು ತಪ್ಪು, ಸೈತಾನನ ಜೊತೆ ವ್ಯಾಪಾರಕ್ಕೆ ಕೂರೋದು ಪರ್ವಾಗಿಲ್ಲ.

ಇದು ಯಾಕೆ ನಂಗೆ ಇಷ್ಟು ಉರಿಯುತ್ತೆ ಅಂದ್ರೆ ಅಮೇಜಿಂಗ್ ಸ್ಪೈಡರ್‌ಮ್ಯಾನ್‌ನ 1966ರ 33ನೇ ಸಂಚಿಕೆ. ಅಲ್ಲೂ ಇದೇ ದೊಡ್ಡಮ್ಮ ಆಸ್ಪತ್ರೆಲಿ ಸಾಯೋ ಸ್ಥಿತಿಲಿರ್ತಾಳೆ, ಅದಕ್ಕೂ ಕಾರಣ ಇವ್ನೇ, ಹಿಂದೊಂದು ಸಲ ಇವ್ನು ಕೊಟ್ಟ ರಕ್ತದಲ್ಲಿದ್ದ ವಿಕಿರಣ ಅವಳ ಮೈಯೊಳಗೆ ವಿಷ ಆಗಿರುತ್ತೆ. ಪೀಟರ್ ನೀರು ತುಂಬ್ತಿರೋ ಜಾಗದಲ್ಲಿ ದೊಡ್ಡ ಯಂತ್ರದ ಅಡಿ ಸಿಕ್ಕಾಕೊಂಡಿದಾನೆ, ಔಷಧಿ ಕಣ್ಣೆದುರಿಗೇ ಇದೆ, ಕೈಗೆ ಎಟುಕಲ್ಲ. ಚಿತ್ರಕಾರ ಸ್ಟೀವ್ ಡಿಟ್ಕೋ ಅದನ್ನ ಹೆಂಗೆ ಬರೀತಾನೆ ಅಂದ್ರೆ ಪುಟ ತಿರುಗಿಸ್ತಾ ಹೋದಂಗೆ ಚೌಕಗಳು ದೊಡ್ಡದಾಗ್ತಾ ಹೋಗುತ್ತೆ, ಇವ್ನು ಸೋಲ್ತಾನೆ, ಮತ್ತೆ ಎತ್ತಕ್ಕೆ ನೋಡ್ತಾನೆ, ಬೆನ್ನು ಮುರಿಯೋ ಹಂಗೆ, ಕೊನೆಗೆ ಒಂದಿಡೀ ಪುಟದಲ್ಲಿ ಆ ಯಂತ್ರ ಮೇಲೇಳುತ್ತೆ. ಅದೇ ದೊಡ್ಡಮ್ಮನಿಗೋಸ್ಕರ ಆಗ ಯಂತ್ರ ಎತ್ತಿದವನು ಈಗ ಸೈನ್ ಹಾಕಿ ಕೆಲ್ಸ ಮುಗಿಸಿದ.

ಹೊಸ ಲೇಖಕ್ರು ಬಂದು ಹಾಳ್ಮಾಡಿದ್ರು ಅಂತ ಸುಮಾರು ಜನ ಅಂತಾರೆ, ನಾನು ಒಪ್ಪಲ್ಲ. 1973ರಲ್ಲಿ ಪೀಟರ್‌ನ ಗರ್ಲ್‌ಫ್ರೆಂಡ್ ಗ್ವೆನ್ ಸ್ಟೇಸಿನ ಸಾಯಿಸಿದಾಗ ಲೇಖಕ ಜೆರ್ರಿ ಕಾನ್ವೇಗೆ ಬರೀ ಇಪ್ಪತ್ತು ವರ್ಷ, ಜನ ಬಾಯಿಗೆ ಬಂದಂಗೆ ಬೈದ್ರು. ಆದ್ರೆ ಆ ಕಥೆ ನೋಡಿ, ಸೇತುವೆಯಿಂದ ಬೀಳ್ತಿರೋಳ ಕಾಲಿಗೆ ಇವ್ನು ಬಲೆ ಹಾಕ್ತಾನೆ, ಕುತ್ತಿಗೆ ಹತ್ರ ಸಣ್ಣಕ್ಷರದಲ್ಲಿ 'ಸ್ನ್ಯಾಪ್' ಅಂತಿದೆ ಅಷ್ಟೆ. ಉಳಿಸಕ್ಕೆ ಹೋಗಿದ್ದೇ ಸಾಯಿಸ್ತು. 1962ರಲ್ಲಿ ಸ್ಪೈಡರ್‌ಮ್ಯಾನ್‌ನ ಹುಟ್ಟುಹಾಕಿದ ಸ್ಟ್ಯಾನ್ ಲೀ, ಡಿಟ್ಕೋ ಹೇಳಿದ್ದೂ ಇದನ್ನೇ ತಾನೆ, ಪೀಟರ್ ನಂಗ್ಯಾಕೆ ಅಂತ ಬಿಟ್ಟ ಕಳ್ಳನೇ ಮನೆಗೆ ಬಂದು ಮೇ ಆಂಟಿ ಗಂಡ ಬೆನ್ ಅಂಕಲ್‌ನ ಕೊಂದ, ಆಗಿದ್ದು ಆಗೋಯ್ತು, ವಾಪಸ್ ಇಲ್ಲ. ಇನ್ನು 'ಒನ್ ಮೋರ್ ಡೇ'ಗೆ ಲೇಖಕ ಅಂತ ಹೆಸ್ರು ಹಾಕ್ಸ್ಕೊಂಡ ಜೆ. ಮೈಕಲ್ ಸ್ಟ್ರಜಿನ್ಸ್ಕಿನೂ 2001ರಲ್ಲಿ ಹೊಸಬ್ರೇ, ಮೇ ಆಂಟಿಗೆ ಪೀಟರ್ ಗುಟ್ಟು ಗೊತ್ತಾಗಿ ಇಬ್ರೂ ಕೂತು ಮಾತಾಡೋ ಸಂಚಿಕೆ ಬರ್ದಿದ್ದು ಅವ್ರೇ, ಹೊಡೆದಾಟನೇ ಇಲ್ಲದೆ ಬರೀ ಮಾತಲ್ಲಿ ಕಣ್ಣಲ್ಲಿ ನೀರು ತರಿಸ್ತಾರೆ. 'ಒನ್ ಮೋರ್ ಡೇ'ಯ ಕೊನೆ ಎರಡು ಸಂಚಿಕೆಯಿಂದ ನನ್ನ ಹೆಸ್ರು ತೆಗೀಬೇಕು ಅಂದ್ಕೊಂಡಿದ್ದೆ ಅಂತ ಅವ್ರೇ ಬಹಿರಂಗವಾಗಿ ಹೇಳಿದ್ರು. ಪಾಪ.

ನ್ಯಾಯವಾಗಿ ಹೇಳ್ಬೇಕಂದ್ರೆ ಆಮೇಲೂ ಒಳ್ಳೆ ಕಥೆಗಳು ಬಂದ್ವು. 2012ರ ಕೊನೆಲಿ ಲೇಖಕ ಡ್ಯಾನ್ ಸ್ಲಾಟ್, ಡಾಕ್ ಆಕ್ ಅನ್ನೋ ಹಳೇ ವಿಲನ್‌ನ ಮನಸ್ಸನ್ನ ಪೀಟರ್ ದೇಹಕ್ಕೆ ಹಾಕಿದಾಗ ನಾನೂ ಉಗಿದೆ, ಆಮೇಲೆ ಬಾಯ್ಮುಚ್ಕೊಂಡು ಒಂದೂ ಬಿಡದೆ ಓದಿದೆ. ಆದ್ರೆ ಒಂದ್ಸಲ ಅಳಿಸಬೋದು ಅಂತ ಗೊತ್ತಾದ್ಮೇಲೆ ಯಾರು ಸತ್ರೂ ಎದೆ ಧಸಕ್ ಅನ್ನಲ್ಲ ಕಣ್ರೀ. 2022ರಲ್ಲಿ ಮೇರಿ ಜೇನ್ ಪಾಲ್ ಅನ್ನೋನ ಜೊತೆ ಸಂಸಾರ ಮಾಡ್ತಿರೋದು ತೋರಿಸಿದ್ರಲ್ಲ, ಇಂಟರ್ನೆಟ್ ಎಲ್ಲಾ ಕುದೀತಿದ್ರೆ ನಂಗೆ ಸಿಟ್ಟೂ ಬರ್ಲಿಲ್ಲ.

ಇಷ್ಟೆಲ್ಲಾ ಹೇಳಿ ಮುಗಿಸೋ ಹೊತ್ತಿಗೆ ಅಳಿಯ ಫೋನ್ ಪಕ್ಕಕ್ಕಿಟ್ಟು ಕೇಳ್ದ, "ಮಾಮ, ಆ ದೊಡ್ಡಮ್ಮನಿಗೆ ಗೊತ್ತಾ, ತನಗೋಸ್ಕರ ಇವ್ರು ಮದ್ವೆನೇ ಕೊಟ್ರು ಅಂತ?"

ಎಲ್ಲಿಂದ ಗೊತ್ತಿರುತ್ತೆ, ಇವ್ನೇ ಸ್ಪೈಡರ್‌ಮ್ಯಾನ್ ಅನ್ನೋದೂ ಅವಳ ತಲೆಯಿಂದ ಅಳಿಸೋಗಿತ್ತಲ್ಲ ಅಂದೆ. ಇಬ್ರೂ ಕೂತು ಮಾತಾಡಿದ ಆ ಸಂಚಿಕೆನೂ ಅದ್ರ ಜೊತೇಲೇ ಹೋಯ್ತು.