ಡಬ್ಬಿ ತಳದ 5 ಅಂದ್ರೆ ಐದು ಸಲ ಅಲ್ಲ

ಹುಬ್ಬಳ್ಳಿಯ ನಮ್ಮ ಫ್ಯಾಮಿಲಿ ಗ್ರೂಪಿಗೆ ಮತ್ತೆ ಆ ಮೆಸೇಜ್ ಬಂದಿದೆ. 'ಪ್ಲಾಸ್ಟಿಕ್ ತಳದಲ್ಲಿ ತ್ರಿಕೋನದೊಳಗಿನ ನಂಬರ್ ನೋಡಿ. 1 ಇದ್ದರೆ ಒಂದೇ ಸಲ ಬಳಸಬೇಕು, 5 ಇದ್ದರೆ ಐದು ಸಲ.' ಅವ್ವ ಶೇಂಗಾ ಚಟ್ನಿಪುಡಿ ಡಬ್ಬಿ ಮಗುಚಿ ನೋಡಿದಳು. 5. ಹತ್ತು ವರ್ಷದಿಂದ ದಿನಾ ಕೈಗೆ ಸಿಗುವ ಡಬ್ಬಿ ಅದು!

ಸುಮ್ನೆ ಹೆದರಬೇಡಿ. ಆ ನಂಬರ್ ಪ್ಲಾಸ್ಟಿಕ್ಕಿನ ಜಾತಿ ಹೇಳುತ್ತದೆ, ಅಷ್ಟೇ. 1988ರಲ್ಲಿ ಅಮೆರಿಕದ ಪ್ಲಾಸ್ಟಿಕ್ ಉದ್ಯಮದವರು ಶುರು ಮಾಡಿದ್ದು. 1 ಅಂದರೆ ಪೆಟ್, ನೀರಿನ ಬಾಟಲಿಯದು. 2 ಗಟ್ಟಿ ಪಾಲಿಥೀನ್, 3 ಪಿವಿಸಿ, 4 ಚೀಲದ ತೆಳು ಪಾಲಿಥೀನ್, 5 ಪಾಲಿಪ್ರೊಪಿಲೀನ್, 6 ಪಾಲಿಸ್ಟೈರೀನ್. ಉಳಿದದ್ದೆಲ್ಲ 7.

ಇದು ಬೇಕಾಗುವುದು ಗುಜರಿ ವಿಂಗಡಿಸುವವರಿಗೆ. ಪೆಟ್ ಕರಗಲು ಸುಮಾರು 250 ಡಿಗ್ರಿ ಬೇಕು. ಅಷ್ಟು ಬಿಸಿಗೆ ಪಿವಿಸಿ ಕೆಟ್ಟು ಆಮ್ಲ ಬಿಡುತ್ತದೆ. ಎರಡೂ ಬೆರೆತರೆ ಇಡೀ ಮಾಲು ಹಾಳು. ವಿಂಗಡಿಸಿದ್ದಕ್ಕೆ ಬೆಲೆ ಜಾಸ್ತಿ ಇರೋದು ಅದಕ್ಕೇ ಅಲ್ವಾ? ದೇಶದೇಶಗಳ ನಡುವಿನ ವ್ಯಾಪಾರದಲ್ಲೂ ಇದೇ ಲೆಕ್ಕ. ದೇಶದಿಂದ ದೇಶಕ್ಕೆ ಅಪಾಯಕಾರಿ ಕಸ ಸಾಗಿಸುವುದನ್ನು ನಿಯಂತ್ರಿಸುವ ಬಾಸೆಲ್ ಒಪ್ಪಂದದ ಪ್ರಕಾರ, 2021ರಿಂದ ಬೆರಕೆ, ಕೊಳಕು ಪ್ಲಾಸ್ಟಿಕ್ ಕಸವನ್ನು ಹಡಗಿಗೆ ಹಾಕುವ ಮೊದಲೇ ಅದು ಹೋಗುವ ದೇಶದ ಒಪ್ಪಿಗೆ ಬೇಕು. ಮರುಬಳಕೆಗೆಂದು ಬೇರ್ಪಡಿಸಿದ ಶುದ್ಧ ಪೆಟ್‌ಗೆ ಆ ತಾಪತ್ರಯ ಇಲ್ಲ.

ಹಾಗಾದರೆ ಡಬ್ಬಿ ಯಾವಾಗ ಬಿಸಾಡಬೇಕು? ಬಿರುಕು ಬಿಟ್ಟರೆ, ಒಳಗೆ ಗೀರು ಬಿದ್ದು ತೊಳೆದರೂ ವಾಸನೆ ಹೋಗದಿದ್ದರೆ. ನೀರಿನ ಪೆಟ್ ಬಾಟಲಿಯನ್ನಂತೂ ಒಂದೇ ಬಳಕೆಗೆ ಅಂತ ಮಾಡಿರುತ್ತಾರೆ. ಅದಕ್ಕೆ ಕುದಿನೀರು ಹಾಕಬೇಡಿ, ಸೊಟ್ಟಗಾಗುತ್ತದೆ.

ಅವ್ವನ ಚಟ್ನಿಪುಡಿ ಡಬ್ಬಿ ಮತ್ತೆ ತನ್ನ ಜಾಗಕ್ಕೆ ಹೋಗಿದೆ.