ಪದಕ್ಕೆ ಒಂದೂವರೆ ರೂಪಾಯಿ

ಹೈಸ್ಕೂಲಿನಲ್ಲಿ ಕನ್ನಡ ಮೇಷ್ಟ್ರು ಬೆತ್ತ ಹಿಡಿದು ಲೋಪ, ಆಗಮ, ಆದೇಶ ಅಂತ ಸಂಧಿ ಕಲಿಸಿದ್ದರು. ಅದೇ ಸಂಧಿ ಮುಂದೆ ನನ್ನ ಹೊಟ್ಟೆ ಮೇಲೆ ಹೊಡೆಯುತ್ತದೆ ಅಂತ ಮಾತ್ರ ಹೇಳಿರಲಿಲ್ಲ.

ನಾನು ಫ್ರೀಲಾನ್ಸ್ ಕಾಪಿರೈಟರ್. ಬಸ್ಸಿನ ಬೆನ್ನ ಮೇಲೆ, ಸೋಪಿನ ಡಬ್ಬಿಯ ಮೇಲೆ ನೀವು ಓದಿ ಮರೆತುಬಿಡುವ ಸಾಲುಗಳಿವೆಯಲ್ಲ, ಅವನ್ನು ಕನ್ನಡದಲ್ಲಿ ಬರೆಯುವವನು. ದರ ಪದಕ್ಕೆ ಒಂದೂವರೆ ರೂಪಾಯಿ. ಇಂಗ್ಲಿಷಿನವನು 'ಇನ್ ಅವರ್ ಹೌಸ್ ಇಟ್‌ಸೆಲ್ಫ್' ಅಂತ ಬರೆದರೆ ನಾಲ್ಕು ಪದ, ಈ ದರದಲ್ಲೇ ಆರು ರೂಪಾಯಿ. ನಾನು 'ನಮ್ಮನೆಯಲ್ಲೇ' ಅಂದೆನೋ, ಮುಗಿಯಿತು, ಒಂದೂವರೆ. ಮೇಷ್ಟ್ರ ಲೋಪಸಂಧಿಯಲ್ಲಿ ಸ್ವರ ಲೋಪವಾಗುತ್ತಿತ್ತು, ನನ್ನದರಲ್ಲಿ ದುಡ್ಡು.

ಹಾಗಾಗಿ ಬಿಡಿಸಿ ಬರೆಯುವ ಚಟ ಹತ್ತಿತು. 'ಊಟವಿಲ್ಲ' ಹೋಗಿ 'ಊಟ ಇಲ್ಲ' ಆಯಿತು, 'ಎಲ್ಲೆಲ್ಲೂ' ಹೋಗಿ 'ಎಲ್ಲ ಕಡೆಗಳಲ್ಲಿ ಕೂಡ' ಆಯಿತು. ಕೀಬೋರ್ಡಿನಲ್ಲಿ ಮೊದಲು ಸವೆದದ್ದು ಸ್ಪೇಸ್ ಬಾರ್.

ಸಿಕ್ಕಿಬಿದ್ದದ್ದು ಉಪ್ಪಿನಕಾಯಿ ಜಾಹೀರಾತಿನಲ್ಲಿ. 'ಬಾಯಲ್ಲಿ ನೀರೂರುವ ರುಚಿ' ಅಂತ ಬರೆಯಬೇಕಿತ್ತು. ಕೈ ತಡೆಯಲಿಲ್ಲ. 'ಬಾಯಲ್ಲಿ ನೀರು ಊರುವ ರುಚಿ' ಅಂತ ಕಳಿಸಿದೆ. ಮರುದಿನ ಬೆಳಿಗ್ಗೆ ಏಜೆನ್ಸಿ ಮೇಡಂ ಫೋನು.

"ಬಾಯೊಳಗೆ ವಿಲೇಜ್ ಯಾಕೆ ಬಂತು?"

ಮೇಡಂಗೆ ಕನ್ನಡ ಬಾರದು. ಅವರ ಆಫೀಸಿನಲ್ಲಿ ಒಬ್ಬ ಹುಡುಗನಿಗೆ ಬರುತ್ತದೆ, ಅಂದರೆ ಎರಡು ವರ್ಷದಿಂದ ಆಟೋದವರ ಜೊತೆ ಮಾತಾಡಿ ಬಂದಷ್ಟು. 'ಯಾವ ಊರು ಸಾರ್?' ಅಂತ ದಿನಾ ಕೇಳಿಸಿಕೊಂಡ ಅವನು ನನ್ನ ಸಾಲಿನಲ್ಲಿ ಊರು ಕಂಡ, ನೀರು ಕಂಡ, ಬಾಯಿ ಕಂಡ. ಜಿನುಗುವುದಕ್ಕೂ ಊರು ಅನ್ನುತ್ತೇವೆ ಅಂತ ಮೇಡಂಗೆ ಇಪ್ಪತ್ತು ನಿಮಿಷ ವಿವರಿಸಿದೆ. ಆ ಪದಗಳಿಗೆ ಬಿಲ್ ಹಾಕುವಂತಿಲ್ಲ.

ಪಕ್ಕದಲ್ಲಿ ಮೆಂತ್ಯ ಸೊಪ್ಪು ಬಿಡಿಸುತ್ತಿದ್ದ ಅಮ್ಮ ಎಲ್ಲ ಕೇಳಿಸಿಕೊಂಡು, "ನೀರೂರುವ ಅಂತ ಕೂಡಿಸಿ ಬರೆಯೋಕೆ ಏನೋ ರೋಗ ನಿಂಗೆ?" ಅಂದಳು. ರೋಗದ ಹೆಸರು ಹೇಳಲಿಲ್ಲ. ಕೂಡಿಸಿ ಕಳಿಸಿದೆ.

ಅಷ್ಟಕ್ಕೇ ಬಿಟ್ಟರೆ ಅದು ಜಾಹೀರಾತು ಹೇಗಾದೀತು? ಸಂಜೆ ಡಿಸೈನರ್ ಕಳಿಸಿದ ಪೋಸ್ಟರಿನಲ್ಲಿ ದಪ್ಪಕ್ಷರದಲ್ಲಿ 'ಉಪ್‌ಪಿನಕಾಯಿ'. ಒತ್ತಕ್ಷರ ಕೆಳಗಿಳಿಯದೆ, ಬಸ್ಸಿನಲ್ಲಿ ಸೀಟು ಸಿಗದವರ ಹಾಗೆ ಪಕ್ಕದಲ್ಲೇ ನಿಂತಿತ್ತು. ಫೋಟೋಶಾಪಿನ ಹಳೇ ಆವೃತ್ತಿಗಳಲ್ಲಿ ಇದು ಮಾಮೂಲಿ ಕಾಯಿಲೆ. ಟೈಪ್ ಮೆನುವಿಗೆ ಹೋಗಿ ಭಾಷೆಯ ಆಯ್ಕೆಯಲ್ಲಿ ವರ್ಲ್ಡ್-ರೆಡಿ ಲೇಔಟ್ ಒತ್ತಿದರೆ ಒತ್ತು ತನ್ನ ಜಾಗಕ್ಕೆ ಹೋಗಿ ಕೂರುತ್ತದೆ. ಇದನ್ನು ಹೇಳಿದ್ದಕ್ಕೆ ಡಿಸೈನರ್, "ಹೀಗೇ ಇರಲಿ ಸರ್, ಒಂದೇ ಲೈನಲ್ಲಿ ನೀಟಾಗಿ ಕಾಣ್ತಿದೆ" ಅಂದ. ನಾನು ಹಟ ಹಿಡಿದೆ. ಉಪ್ಪಿನಕಾಯಿಯ ಮಾನ ಉಳಿಯಿತು.

ಒಟ್ಟು 42 ಪದ, ₹63. ನನ್ನ ಬಿಲ್ಲಿಗೆ ಟಿಡಿಎಸ್ಸಿನ ಕಾಟವೂ ಇಲ್ಲ. ಒಬ್ಬ ಗ್ರಾಹಕನಿಂದ ವರ್ಷಕ್ಕೆ ₹50,000 ದಾಟಿದರೆ ತಾನೇ ಶೇ. 10 ತೆರಿಗೆ ಮುರಿಯುವುದು? ಹಾಗೆ ಯಾರಾದರೂ ಮುರಿದುಕೊಳ್ಳಲಿ ಅಂತ ಹರಕೆ ಹೊತ್ತಿದ್ದೇನೆ.

ರಾತ್ರಿ ಅಕೌಂಟ್ಸಿನವರ ಮೆಸೇಜು: 'ನೀರು', 'ಊರುವ' ಸೇರಿ ಒಂದೇ ಪದವಾಗಿದೆ, ಬಿಲ್ ತಿದ್ದಿ ಕಳಿಸಿ. ಕನ್ನಡ ಬಾರದ ಆಫೀಸಿನಲ್ಲಿ ಸಂಧಿ ಕಾರ್ಯ ಇಷ್ಟು ಚೆನ್ನಾಗಿ ಬಲ್ಲವರಿದ್ದಾರೆ ಅಂತ ಗೊತ್ತಿರಲಿಲ್ಲ. ₹61.50 ಅಂತ ತಿದ್ದಿದೆ. ಕೆಳಗೆ 'ಮೊತ್ತ ಅಕ್ಷರಗಳಲ್ಲಿ' ಅನ್ನುವ ಜಾಗದಲ್ಲಿ ಬರೆದೆ: ಅರವತ್ತು ಒಂದು ರೂಪಾಯಿ ಐವತ್ತು ಪೈಸೆ ಮಾತ್ರ.